ಮೂರು ಹಲ್ಲು

ಅಪ್ಪನ ಕ್ಯಾಸೆಟ್ ಪ್ಲೇಯರ್‌ನ ಹಿಂಬದಿ ಬಿಚ್ಚಿದಾಗ ಮೊದಲು ಮೂಗಿಗೆ ಹೊಡೆದದ್ದು ಹಳೇ ತೆಂಗಿನ ಎಣ್ಣೆಯ ಕಮಟು. "ಸದ್ದು ಬಂದಾಗೆಲ್ಲ ಒಂದು ಹನಿ ಬಿಡ್ತಿದ್ದೆ" ಅಂದರು ಅಪ್ಪ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಪ್ಲೇಯರ್ ಅದು. ಇಯರ್‌ಫೋನ್ ಹಾಕಿಯೇ ಕೇಳಬೇಕು.

1986ರಲ್ಲಿ ಅಪ್ಪ ಶಾರ್ಜಾಕ್ಕೆ ಕೆಲಸಕ್ಕೆ ಹೋದರು. ಬಿ.ಸಿ. ರೋಡ್ ಹತ್ತಿರದ ನಮ್ಮ ಮನೆಗೆ ಆಗ ಫೋನ್ ಬಂದಿರಲಿಲ್ಲ. ಕಾಗದ ಬರೆಯುವುದೆಂದರೆ ಅಮ್ಮನಿಗೆ ಕಷ್ಟ, ಮಾತಾದರೆ ಎಷ್ಟು ಬೇಕಾದರೂ. ಹಾಗಾಗಿ ಮಾವನ ಮನೆಯ ಟೂ-ಇನ್-ವನ್ ತಂದು ಕ್ಯಾಸೆಟ್‌ನಲ್ಲಿ ಮಾತಾಡಿ, ಊರಿಂದ ಹೊರಟವರ ಕೈಯಲ್ಲಿ ಕಳಿಸುತ್ತಿದ್ದಳು. 60 ನಿಮಿಷದ ಕ್ಯಾಸೆಟ್, ಒಂದು ಕಡೆಗೆ ಅರ್ಧ ಗಂಟೆ. ಅಪ್ಪ ವಾಪಸ್ ಬರುವಾಗ ಅವನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ತಂದರು. ಈಗ ಉಳಿದಿರುವುದು ಏಳು. ಅದನ್ನು ಅಪ್ಪ ಕೇಳಿದ ಪ್ಲೇಯರ್‌ನಲ್ಲೇ ಕೇಳಬೇಕು ಅನ್ನುವುದು ನನ್ನ ಆಸೆ.

ಹಾಕಿ ನೋಡಿದರೆ ಮೋಟರ್ ತಿರುಗುತ್ತದೆ, ಟೇಪು ಮುಂದೆ ಹೋಗುತ್ತದೆ, ಆದರೆ ಸುತ್ತಿಕೊಳ್ಳುವ ಕಡೆಯ ರೀಲು ಸ್ವಲ್ಪ ತಿರುಗಿ ನಿಂತುಬಿಡುತ್ತದೆ. ಟೇಪೆಲ್ಲ ಹೊರಗೆ ಬಂದು ರಬ್ಬರ್ ರೋಲರ್‌ಗೆ ಸುತ್ತಿಕೊಳ್ಳುತ್ತದೆ. ಪುಣ್ಯಕ್ಕೆ ನಾನು ಹಾಕಿದ್ದು ಯಾವುದೋ ಬೇಡದ ಕ್ಯಾಸೆಟ್. ಅಮ್ಮನ ಕ್ಯಾಸೆಟ್‌ಗಳನ್ನು ಪೆಟ್ಟಿಗೆಯಿಂದ ತೆಗೆದೇ ಇರಲಿಲ್ಲ.

ರೀಲಿನ ಗೂಟದ ಕೆಳಗೆ ಬಿಳಿ ಪ್ಲಾಸ್ಟಿಕ್ಕಿನ ಹಲ್ಲಿನ ಚಕ್ರ ಇತ್ತು. ಭೂತಗನ್ನಡಿ ಹಿಡಿದು ಎಣಿಸಿದೆ. 38 ಹಲ್ಲು ಇರಬೇಕಾದ ಜಾಗ, ಒಂದು ಕಡೆ ಮೂರು ಹಲ್ಲು ಸವೆದು ನುಣ್ಣಗಾಗಿದ್ದವು.

ಯಾಕೆ ಹೀಗಾಯಿತು ಅನ್ನುವುದು ಚಕ್ರ ಹೊರಗೆ ತೆಗೆದಾಗ ಗೊತ್ತಾಯಿತು. ಟೇಪು ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು, ಅದು ಬದಲಾಗುವ ಹಾಗಿಲ್ಲ. ಆದರೆ ಸುತ್ತು ದಪ್ಪ ಆದಂತೆಲ್ಲ ರೀಲು ನಿಧಾನವಾಗಬೇಕು. ಅದಕ್ಕೆ ಚಕ್ರಕ್ಕೂ ಗೂಟಕ್ಕೂ ನಡುವೆ ಫೆಲ್ಟ್ ಅನ್ನುವ ದಪ್ಪ ಬಟ್ಟೆಯ ಒಂದು ಬಿಲ್ಲೆ ಇರುತ್ತದೆ. ಎಳೆತ ಜಾಸ್ತಿಯಾದರೆ ಚಕ್ರ ಆ ಬಿಲ್ಲೆಯ ಮೇಲೆ ಜಾರುತ್ತದೆ. ಇಲ್ಲಿ ಎಣ್ಣೆ, ಧೂಳು ಎಲ್ಲ ಸೇರಿ ಬಿಲ್ಲೆ ಅಂಟಾಗಿ ಹಿಡಿದುಕೊಂಡಿತ್ತು. ಟೇಪು ಮುಗಿದು ರೀಲು ನಿಂತರೂ ಜಾರುವುದಿಲ್ಲ. ಪಕ್ಕದ ಸಣ್ಣ ಚಕ್ರ ಮಾತ್ರ ಬಿಡದೆ ತಿರುಗುತ್ತಾ ಎದುರಿಗೆ ಸಿಕ್ಕ ಹಲ್ಲನ್ನು ಅರೆಯುತ್ತಾ ಇರುತ್ತದೆ. ಆಟೋ ಸ್ಟಾಪ್ ಇಲ್ಲದ ಪ್ಲೇಯರ್ ಬೇರೆ.

ಅಪ್ಪನಿಗೆ ತೋರಿಸಿದೆ. ಅವರು ತುಂಬಾ ಹೊತ್ತು ಚಕ್ರ ನೋಡಿದರು. "ಕೇಳ್ತಾ ಕೇಳ್ತಾ ನಿದ್ದೆ ಬಂದುಬಿಡ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಸೆಲ್ ಖಾಲಿ" ಅಂದರು. ಎಂಟು ಜನ ಇದ್ದ ಕೋಣೆಯಂತೆ ಅದು. ಆ ಮೂರು ಹಲ್ಲು ಹೋದದ್ದು ಹಾಗೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡು ಶನಿವಾರ ಅಲೆದೆ. ಬೆಲ್ಟ್ ಸಿಕ್ಕಿತು, ಚಕ್ರ ಸಿಗಲಿಲ್ಲ. ಒಂದು ಕಡೆ ತ್ರೀಡಿ ಪ್ರಿಂಟ್ ಮಾಡಿಸಿಯೂ ನೋಡಿದೆ. ಚಕ್ರದ ಅಗಲ 16 ಮಿ.ಮೀ., ಹಲ್ಲು 38. ಅಗಲವನ್ನು ಹಲ್ಲಿಗಿಂತ ಎರಡು ಹೆಚ್ಚು, ಅಂದರೆ 40ರಿಂದ ಭಾಗಿಸಿದರೆ 0.4. ಗೇರ್ ಕೆಲಸದವರು ಮಾಡ್ಯೂಲ್ ಅನ್ನುವ ಲೆಕ್ಕ ಇದೇ. ಈ ಅಳತೆಯಲ್ಲಿ ಒಂದೊಂದು ಹಲ್ಲಿನ ಎತ್ತರ 1 ಮಿ.ಮೀ. ಕೂಡ ಇಲ್ಲ. ಪ್ರಿಂಟರ್‌ನ ಮೂತಿಯ ತೂತೇ 0.4 ಮಿ.ಮೀ. ಹಲ್ಲುಗಳೆಲ್ಲ ಕರಗಿದ ಮೇಣದ ಹಾಗೆ ಮೊಂಡಾಗಿ ಬಂದವು.

"ಅದು ಇನ್ನು ಆಗ್ಲಿಕ್ಕಿಲ್ಲ, ಬಿಡು" ಅಂದರು ಅಪ್ಪ.

ದಾರಿ ಹೇಳಿಕೊಟ್ಟವಳು ತಂಗಿ. ಅವಳು ಹಲ್ಲಿನ ಡಾಕ್ಟರ್. "35 ಹಲ್ಲು ಸರಿ ಉಂಟಲ್ವಾ, ಅದರದ್ದೇ ಅಚ್ಚು ತೆಗೆಯುವ" ಅಂದಳು. ಆಟಿ ತಿಂಗಳ ಒಂದು ಭಾನುವಾರ, ಹೊರಗೆ ಬಿಡದೆ ಮಳೆ. ಊಟದ ಮೇಜಿನ ಮೇಲೆ ಗಾಜಿನ ತುಂಡು ಇಟ್ಟು ಕೂತೆವು. ಹಲ್ಲಿನ ಅಚ್ಚು ತೆಗೆಯಲು ಬಳಸುವ ಸಿಲಿಕೋನ್ ಪುಟ್ಟಿ ತಂದಿದ್ದಳು, ಎರಡು ಬಣ್ಣದ ಎರಡು ಮುದ್ದೆ. ಸೇರಿಸಿ ನಾದಬೇಕು. ನಾನು ಗ್ಲೌಸ್ ಹಾಕಿಕೊಂಡು ಮುಟ್ಟಲು ಹೋದೆ. "ಅಣ್ಣ, ಅದನ್ನು ತೆಗಿ" ಅಂತ ತಡೆದಳು. ಲ್ಯಾಟೆಕ್ಸ್ ಗ್ಲೌಸ್‌ನ ಗಂಧಕ ತಾಗಿದರೆ ಪುಟ್ಟಿ ಗಟ್ಟಿಯಾಗುವುದಿಲ್ಲವಂತೆ. ಬರಿಗೈಯಲ್ಲೇ ನಾದಿದೆ.

ಮೊದಲು ಚೆನ್ನಾಗಿದ್ದ ಒಂಬತ್ತು ಹಲ್ಲಿನ ಸುತ್ತ ಪುಟ್ಟಿ ಒತ್ತಿದೆವು. ಐದು ನಿಮಿಷದಲ್ಲಿ ಗಟ್ಟಿಯಾಯಿತು. ಆಮೇಲೆ ಚಕ್ರವನ್ನು ಬಿಡಿಸಿ, ತಿರುಗಿಸಿ, ಬೋಳಾದ ಜಾಗ ಅಚ್ಚಿನ ನಡುವಿಗೆ ಬರುವ ಹಾಗೆ ಮತ್ತೆ ಕೂರಿಸಿದೆವು. ಆಚೆ ಮೂರು, ಈಚೆ ಮೂರು ಹಲ್ಲು ಅಚ್ಚಿನ ಗುಳಿಯಲ್ಲಿ ಟಕ್ ಅಂತ ಕೂತವು. ನಡುವೆ ಮೂರು ಖಾಲಿ ಗುಳಿ. ಅಲ್ಲಿಗೆ ಎಪಾಕ್ಸಿ ಅನ್ನುವ, ಕಲ್ಲಿನ ಹಾಗೆ ಗಟ್ಟಿಯಾಗುವ ಅಂಟು ತುಂಬಬೇಕು.

ಆದರೆ ಇಂಥ ಚಕ್ರಗಳನ್ನು ಹೆಚ್ಚಾಗಿ ಅಸಿಟಾಲ್ ಅನ್ನುವ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಎಣ್ಣೆಯಿಲ್ಲದೆಯೂ ಜಾರುತ್ತದೆ ಅಂತಲೇ ಅದನ್ನು ಬಳಸುವುದು. ಅದಕ್ಕೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಸವೆದ ಜಾಗದಲ್ಲಿ ಮೊದಲೇ ಕೂದಲಿನಂಥ ಮೂರು ತೂತು ಕೊರೆದು ಹಿತ್ತಾಳೆ ತಂತಿಯ ಚೂರು ಸಿಕ್ಕಿಸಿಟ್ಟಿದ್ದೆ. ಎಪಾಕ್ಸಿ ಆ ತಂತಿಯನ್ನು ಹಿಡಿದು ನಿಲ್ಲಲಿ ಅಂತ. ಐದು ನಿಮಿಷದ್ದಲ್ಲ, ಗಟ್ಟಿಯಾಗಲು ಒಂದು ದಿನ ಹಿಡಿಯುವ ಎಪಾಕ್ಸಿಯನ್ನೇ ಹಾಕಿದೆ. ಅವಸರದ್ದು ಇಂಥ ಕೆಲಸಕ್ಕೆ ಆಗುವುದಿಲ್ಲ.

ಮೊದಲ ಸಲ ನಡುವಿನ ಹಲ್ಲಲ್ಲಿ ಗಾಳಿಗುಳ್ಳೆ ಕೂತು ತುದಿಯೇ ಇರಲಿಲ್ಲ. ಕೆರೆದು ತೆಗೆದು ಮತ್ತೆ ಮಾಡಿದೆ. ಈ ಸಲ ತಂಗಿ ಸೂಜಿಮೊನೆಯಲ್ಲಿ ಗುಳಿಯ ಮೂಲೆಮೂಲೆಗೂ ಎಪಾಕ್ಸಿ ತಳ್ಳಿದಳು. ಮಂಗಳವಾರ ಬೆಳಿಗ್ಗೆ ಅಚ್ಚು ಬಿಡಿಸಿದರೆ ಮೂರೂ ಹಲ್ಲು ಬಂದಿದ್ದವು, ಸ್ವಲ್ಪ ಹಳದಿ. ಬ್ಲೇಡಿನಲ್ಲಿ ಅಂಚು ಸವರಿದೆ. ಫೆಲ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನಾಲ್ಕು ಸಲ ತೊಳೆದೆ, ನಾಲ್ಕನೇ ಸಲವೂ ಕಂದು ನೀರು. ಹೊಸ ಬೆಲ್ಟ್ ಹಾಕಿದೆ. ಬೇಡದ ಕ್ಯಾಸೆಟ್ ಎರಡೂ ಕಡೆ ಪೂರ್ತಿ ಓಡಿಸಿದ ಮೇಲೆಯೇ ಪೆಟ್ಟಿಗೆ ತೆಗೆದದ್ದು.

ಇಯರ್‌ಫೋನಿನ ಜಾಗಕ್ಕೆ ಸಣ್ಣ ಸ್ಪೀಕರ್ ಸಿಕ್ಕಿಸಿ ಪ್ಲೇ ಒತ್ತಿದೆ. ಮೊದಲು ಮಳೆಯ ಸದ್ದು ಬಂತು. ಹೊರಗಿನದ್ದೋ ಟೇಪಿನದ್ದೋ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಅಮ್ಮನ ಸ್ವರ, ನನಗೆ ಗೊತ್ತಿರುವುದಕ್ಕಿಂತ ತೆಳ್ಳಗೆ. "ಕೇಳ್ತದಾ? ಇಲ್ಲಿ ಮಳೆ ಜೋರು ಉಂಟು. ಮೊನ್ನೆ ಗೌರಿ ಕರು ಹಾಕಿತು..."

"ಹೆಣ್ಣು ಕರು, ಹಣೆಯಲ್ಲಿ ಬಿಳಿ ಬೊಟ್ಟು" ಅಂದರು ಅಪ್ಪ ಮೆಲ್ಲಗೆ.

"ಹೆಣ್ಣು ಕರು, ಹಣೆಯಲ್ಲಿ ಬಿಳಿ ಬೊಟ್ಟು" ಅಂತು ಟೇಪು.

ಅಮ್ಮ ಅಪ್ಪನ ಕಡೆ ತಿರುಗಿದಳು. ಅವರು ಪ್ಲೇಯರ್ ಮೇಲಿನ ಕಣ್ಣು ತೆಗೆಯಲಿಲ್ಲ. ಮುಂದಿನ ಅರ್ಧ ಗಂಟೆ ಎಷ್ಟೋ ಕಡೆ ಅವರ ತುಟಿ ಟೇಪಿಗಿಂತ ಮುಂಚೆ ಆಡುತ್ತಿತ್ತು.

ಒಂದು ಕಡೆ ಮುಗಿಯಿತು. ನಾನು ಸ್ಟಾಪ್ ಒತ್ತದೆ ಕಿವಿ ಹತ್ತಿರ ಇಟ್ಟೆ. ಕರಕರ ಇಲ್ಲ. ರೀಲು ನಿಂತಿದೆ, ಒಳಗೆ ಚಕ್ರ ಬಿಲ್ಲೆಯ ಮೇಲೆ ಸದ್ದಿಲ್ಲದೆ ಜಾರುತ್ತಿದೆ.

"ಎಂತ ಕೇಳ್ತಾ ಕೂತಿದ್ದಿ? ಆ ಕಡೆ ತಿರುಗಿಸಿ ಹಾಕು" ಅಂದಳು ಅಮ್ಮ.