ಕಿರುಚಿತ್ರದ ಶಬ್ದ: ರೈಲು, ರೂಮ್ ಟೋನ್, ಒಗ್ಗರಣೆ

ಎಡಿಟ್ ಲಾಕ್ ಆಯಿತು, ಅಂದರೆ ಇನ್ನು ಶಾಟ್‌ಗಳು ಬದಲಾಗುವುದಿಲ್ಲ. ಈಗ ನನ್ನ ಪಾಲಿನ ಕೆಲಸ, ಶಬ್ದ. ಕತೆ ಪೂರ್ತಿ ನಡೆಯುವುದು ಮಾಟುಂಗಾದ ಒಂದು ಹಳೇ ಅಡುಗೆಮನೆಯಲ್ಲಿ, ಅಜ್ಜಿ ಮತ್ತು ಮೊಮ್ಮಗನ ನಡುವೆ. ಪಕ್ಕದಲ್ಲೇ ಸೆಂಟ್ರಲ್ ಲೈನ್. ಹಾಗಾಗಿ ಯಾವ ಶಾಟ್ ಕೇಳಿದರೂ ಹಿಂದೆ ಲೋಕಲ್ ರೈಲು.

ರೈಲಿದ್ದರೆ ಇರಲಿ, ಮುಂಬೈ ಅಲ್ವಾ. ಕಾಟ ಬೇರೆ. ಅಜ್ಜಿ ಮಾತಾಡುವಾಗ ರೈಲು ಹತ್ತಿರ ಬರುತ್ತಿರುತ್ತದೆ, ಮೊಮ್ಮಗನ ಮುಖಕ್ಕೆ ಕಟ್ ಆದ ಕೂಡಲೇ ಮಾಯ! ಎರಡು ಶಾಟ್ ತೆಗೆದದ್ದು ಬೇರೆ ಬೇರೆ ಹೊತ್ತಿನಲ್ಲಿ. ನೋಡುವಾಗ ಗೊತ್ತಾಗದ ಕಟ್ ಕೇಳುವಾಗ ಚುಚ್ಚುತ್ತದೆ.

ಅದಕ್ಕೆ ಮಾತುಗಳನ್ನೆಲ್ಲ ಬಿಡಿಸಿ ಎರಡು ಟ್ರ್ಯಾಕ್‌ಗೆ ಹಂಚಿದೆ, ಅಜ್ಜಿಯದು ಒಂದರಲ್ಲಿ, ಹುಡುಗನದು ಇನ್ನೊಂದರಲ್ಲಿ. ನಡುವಿನ ಖಾಲಿ ಜಾಗಕ್ಕೆ ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗ ಕೋಣೆಯಲ್ಲಿರುವ ಸದ್ದು, ತುಂಬಿದೆ. ಶೂಟಿಂಗ್ ದಿನ ಎಲ್ಲರನ್ನೂ ಅಲ್ಲಾಡದೆ ನಿಲ್ಲಿಸಿ, ಸುಮ್ನೆ ಆ ಕೋಣೆಯನ್ನೇ ಒಂದು ನಿಮಿಷ ರೆಕಾರ್ಡ್ ಮಾಡಿದ್ದೆ. ಆಗ ಎಲ್ಲರಿಗೂ ನಗು. ಮಾತಿನ ನಡುವಿನ ಜಾಗ ಪೂರ್ತಿ ಖಾಲಿ ಬಿಟ್ಟರೆ ಸ್ಪೀಕರ್ ಕೆಟ್ಟಿತೇನೋ ಅನ್ನಿಸುತ್ತದೆ. 80 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ಸ್ವರದ ಸದ್ದನ್ನು ಕತ್ತರಿಸಿದ್ದೇನೆ. ಫ್ರಿಜ್ಜಿನ ಗುಂಯ್ ಇನ್ನೂ ಸ್ವಲ್ಪ ಉಳಿದಿದೆ, ಉಳಿಯಲಿ. ಜಾಸ್ತಿ ಕೆರೆದರೆ ಅಜ್ಜಿಯ ದನಿ ತೆಳ್ಳಗಾಗುತ್ತದೆ.

ರೈಲನ್ನು ರಾತ್ರಿ ಕಿಟಕಿಯಿಂದ ಬೇರೆಯಾಗಿ ಹಿಡಿದೆ, ರೆಕಾರ್ಡಿಂಗ್ ಗುಣಮಟ್ಟ 48 ಕಿಲೋಹರ್ಟ್ಸ್, 24 ಬಿಟ್. ಈಗ ಒಂದೇ ರೈಲು ಕಟ್‌ಗಳನ್ನು ದಾಟಿಕೊಂಡು ಪೂರ್ತಿ ಹೋಗುತ್ತದೆ, ಅದೂ ನಮಗೆ ಬೇಕಾದ ಕಡೆ. ಭಾರತದ ಮೊದಲ ಟಾಕಿ ಚಿತ್ರ, 1931ರ ‘ಆಲಂ ಆರಾ’ದವರಿಗೂ ಇದೇ ಊರಿನಲ್ಲಿ ರೈಲಿನ ಕಾಟವೇ. ಸ್ಟುಡಿಯೋ ಪಕ್ಕ ಹಳಿ ಇತ್ತು, ರೈಲು ನಿಂತ ಮೇಲೆ ರಾತ್ರಿ ಚಿತ್ರೀಕರಣ. ಚಿತ್ರ, ಶಬ್ದ ಎರಡೂ ಒಂದೇ ಫಿಲ್ಮ್ ಮೇಲೆ ಬೀಳುತ್ತಿದ್ದವು. ನನ್ನ ಹಾಗೆ ಆಮೇಲೆ ಬಿಡಿಸಿ ಜೋಡಿಸುವ ಸುಖ ಅವರಿಗೆಲ್ಲಿ?

ಇನ್ನು ಫೋಲಿ, ಅಂದರೆ ಸಣ್ಣಪುಟ್ಟ ಸದ್ದುಗಳನ್ನು ಕೈಯಾರೆ ಮಾಡಿ ಸೇರಿಸುವುದು. ಮರಾಠಿ ಗೆಳೆಯರು ತಮ್ಮ ಭಾಷೆಗೂ ಡಬ್ ಮಾಡೋಣ ಅಂತಿದ್ದಾರೆ. ಮಾತು ತೆಗೆದರೆ ಅದೇ ಮೈಕಿಗೆ ಬಿದ್ದ ಬಳೆ, ಲೋಟ, ಚಪ್ಪಲಿ ಸದ್ದೂ ಹೋಗುತ್ತದೆ. ಎಲ್ಲವನ್ನೂ ಚಿತ್ರ ನೋಡುತ್ತಾ ಹೊಸದಾಗಿ ಮಾಡಬೇಕು. ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋದಲ್ಲಿದ್ದ ಜ್ಯಾಕ್ ಫೋಲಿಯಿಂದ ಈ ಕೆಲಸಕ್ಕೆ ಆ ಹೆಸರು. ಲೋಟ, ಬಳೆ ಸಲೀಸು. ಒಗ್ಗರಣೆ ಸತಾಯಿಸಿತು. ನಿಜವಾದ ಸಾಸಿವೆ ಮೈಕಿನಲ್ಲಿ ಬರೀ ಮಳೆ ಹಾಗೆ ಕೇಳಿಸಿತು. ಒದ್ದೆ ಕೈಯನ್ನು ಬಿಸಿ ಕಾವಲಿ ಮೇಲೆ ಕೊಡವಿದಾಗ ಬಂದ ಚುರ್ರೇ ಗೆದ್ದಿತು.

ಬಾಕಿ ಇರುವುದು ಕುಕ್ಕರ್ ಸೀಟಿ. ಅಜ್ಜಿಯ ಕೊನೇ ಮಾತು ಮುಗಿದ ಮೇಲೆ ಬರಲಿ ಅಂತಾರೆ ನಿರ್ದೇಶಕಿ. ನಾನಂತೂ ಅದನ್ನು ಮಾತಿನ ಮೇಲೆಯೇ ಹಾಕಿ ತೋರಿಸುವವನಿದ್ದೇನೆ.