ಶಿರಾದಿಂದ ಮನೆಗೆ ನಾಲ್ಕು ದಿನ

ಇಪ್ಪತ್ತೆರಡನೇ ದಿನ ಸಂಜೆ ಶಿರಾ ಮುಟ್ಟಿದಾಗ ನಮ್ಮವರು ಕಾರನ್ನು ರಸ್ತೆ ಪಕ್ಕಕ್ಕೆ ಹಾಕಿ, "ನಾಳೆ ಮಧ್ಯಾಹ್ನದ ಊಟ ಮನೇಲೇ ಮಾಡಬಹುದು ನೋಡೇ" ಅಂದರು. ಖುಷಿಯಾಗಬೇಕಾದ ಮಾತು. ಆದರೆ ಇಬ್ಬರೂ ಸುಮ್ಮನೆ ಕೂತೆವು. ಶಿವರಾತ್ರಿಯ ಮಾರನೇ ದಿನ ಕೋಲಾರ ಬಿಟ್ಟವರು ಬೀದರ್‌ವರೆಗೂ ಹೋಗಿ, ಕಲಬುರಗಿ, ವಿಜಯಪುರ, ಬಾದಾಮಿ, ಹಂಪಿ, ಚಿತ್ರದುರ್ಗ ನೋಡಿಕೊಂಡು ಇಳಿದು ಬಂದಿದ್ದೆವು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ನಾವಿಬ್ಬರೇ ಇಷ್ಟು ದಿನ ಒಟ್ಟಿಗೆ ಇದ್ದದ್ದು ಇದೇ ಮೊದಲು.

"ರೀ, ತುಮಕೂರು ಹೈವೇ ಬೇಡ, ಮಧುಗಿರಿ ಮೇಲೆ ಹೋಗೋಣ" ಅಂದೆ. ಅವರು ಯಾಕೆ ಅಂತ ಕೇಳಲಿಲ್ಲ. ನಾಲ್ಕು ಗಂಟೆಯ ದಾರಿಗೆ ನಾಲ್ಕು ದಿನ ಹಿಡಿಸಿದೆವು.

ಬೆಳಿಗ್ಗೆ ಶಿರಾದಲ್ಲಿ ಮಲಿಕ್ ರಿಹಾನ್ ಗೋರಿ ನೋಡಿದೆವು. ಬಿಜಾಪುರದ ಆದಿಲ್‌ಶಾಹಿಗಳ ಪರವಾಗಿ ಈ ಸೀಮೆ ಆಳಿದವನು ಅವನು, ಗೋರಿ ಕಟ್ಟಿದ್ದು 1651ರಲ್ಲಿ. ಗೋಲಗುಮ್ಮಟ ಮುಗಿದದ್ದು 1656ರಲ್ಲಿ. ವಾರದ ಹಿಂದಷ್ಟೇ ಆ ಗುಮ್ಮಟದೊಳಗೆ ನಿಂತು ನಮ್ಮ ಪಿಸುಮಾತನ್ನು ನಾವೇ ಮತ್ತೆ ಮತ್ತೆ ಕೇಳಿಸಿಕೊಂಡಿದ್ದೆವು. ಇಲ್ಲಿಯದು ಅದರ ಮುಂದೆ ಕೂಸು. ಅಷ್ಟು ದೂರದ ವಿಜಯಪುರ ಇಲ್ಲಿವರೆಗೂ ಕೈ ಚಾಚಿತ್ತು ಅನ್ನೋದು ನನ್ನ ಕಣ್ಣಿಗೆ ಬಿದ್ದದ್ದು ಅಲ್ಲಿಂದ ಬಂದಿದ್ದಕ್ಕೇ. ಮೊದಲೇ ಇಲ್ಲಿಗೆ ಬಂದಿದ್ದರೆ ಒಂದು ಹಳೇ ಗೋರಿ ಅಂತ ದಾಟಿ ಹೋಗುತ್ತಿದ್ದೆ.

ಶಿರಾ ಹತ್ತಿರದ ಕಗ್ಗಲಡುವಿಗೆ ಹೋದದ್ದು ಬಣ್ಣದ ಕೊಕ್ಕರೆಗಳಿಗಾಗಿ. ಊರೊಳಗೇ, ಮನೆ ಪಕ್ಕದ ಹುಣಸೆ ಮರಗಳ ಮೇಲೇ ಅವು ಗೂಡು ಕಟ್ಟುತ್ತವೆ. ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಗರಿ. ಕೆಳಗೆ ಒಬ್ಬ ಅಜ್ಜಿ ಹುಣಸೆಹಣ್ಣು ಜಜ್ಜುತ್ತಾ ಕೂತಿದ್ದರು. "ಗೂಡಿರೋ ಮರದ ಹಣ್ಣು ಬಡಿಯಲ್ಲ ಕಣಮ್ಮ, ಬಾಣಂತಿ ಮನೆ ಮುಂದೆ ಗಲಾಟೆ ಮಾಡ್ತಾರಾ" ಅಂದರು. ಕೈಯಲ್ಲಿದ್ದ ಹಣ್ಣು ಬೇರೆ ಮರದ್ದಂತೆ. ಹಕ್ಕಿಗಳ ಹಿಕ್ಕೆಯ ನಾತದ ನಡುವೆ ಬದುಕುವ ಆ ಊರಿನ ಜನರಿಗೆ ಇದು ದೊಡ್ಡ ವಿಷಯವೇ ಅಲ್ಲ. ನನಗೆ ಅಲ್ಲಿಂದ ಎದ್ದು ಬರಲು ಮನಸ್ಸಾಗಲಿಲ್ಲ.

ಮಧುಗಿರಿಯ ಬೆಟ್ಟ ದೂರದಿಂದಲೇ ಆಕಾಶಕ್ಕೆ ಅಡ್ಡ ನಿಲ್ಲುತ್ತದೆ. ಇಡೀ ಬೆಟ್ಟ ಒಂದೇ ಬಂಡೆ. ನಮ್ಮವರ ಮೊಣಕಾಲು ಎರಡನೇ ಬಾಗಿಲಿನ ತನಕ ಒಪ್ಪಿತು, ಮುಂದಕ್ಕೆ ಒಪ್ಪಲಿಲ್ಲ. ಕೆಳಗಿಳಿದು ಒಂದು ಸಣ್ಣ ಹೋಟೆಲಿನಲ್ಲಿ ಮುದ್ದೆ, ಬಸ್ಸಾರು ಉಂಡೆವು. ಮೂರು ವಾರ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಉಂಡು ಅದನ್ನೇ ಮೆಚ್ಚಿಕೊಂಡಿದ್ದವಳು ನಾನು. ಆದರೂ ಮೊದಲ ತುತ್ತು ಮುದ್ದೆ ಗಂಟಲಲ್ಲಿ ಜಾರಿದಾಗ ಕಣ್ಣು ತೇವವಾಯಿತು. ಅಲ್ಲಿ ಶೇಂಗಾ ಆಗಿದ್ದದ್ದು ಇಲ್ಲಿ ಮತ್ತೆ ಕಡ್ಲೆಕಾಯಿ ಆಗಿತ್ತು. "ಬರ್ರಿ, ಕುಂದರ್ರಿ" ಹೋಗಿ "ಬನ್ನಿ ಸಾ, ಕೂತ್ಕಳಿ" ಬಂದಿತ್ತು.

ಆ ರಾತ್ರಿ ಗೌರಿಬಿದನೂರಿನಲ್ಲಿ ತಂಗಿದೆವು. ಲಾಡ್ಜಿನ ಹುಡುಗ ಬೆಳಿಗ್ಗೆ ಒಂದೇ ಬಕೆಟ್ ನೀರು ತಂದಿಟ್ಟು, "ಇಬ್ಬರಿಗೂ ಇಷ್ಟೇ ಸಾರ್, ಟ್ಯಾಂಕರ್ ಬಂದಿಲ್ಲ" ಅಂದ. ಅವನ ತಪ್ಪೇನಿಲ್ಲ. ನಮಗೂ ಹೊಸದಲ್ಲ, ಇಂಥ ಬಕೆಟ್ಟಿನಲ್ಲೇ ಮಕ್ಕಳನ್ನು ಬೆಳೆಸಿದವರು. ಆದರೂ ಆವತ್ತು ಆ ಬಕೆಟ್ ನೋಡಿ ಸಂಕಟವಾಯಿತು. ವಿಜಯಪುರದಿಂದ ಬಾಗಲಕೋಟೆ ಕಡೆ ಬರುವಾಗ ಕೊಲ್ಹಾರದ ಸೇತುವೆ ಮೇಲೆ ಕೃಷ್ಣೆಯನ್ನು ದಾಟಿದ್ದೆವು. ಊರಿನ ಹೆಸರು ನಮ್ಮೂರಿನದೇ ಅನ್ನುವಷ್ಟು ಹತ್ತಿರ. ನೀರು ಮಾತ್ರ ಕಣ್ಣು ಹಾಯುವಷ್ಟು ದೂರ. ಅಲ್ಲಿಯ ಗಟ್ಟಿ ಮೊಸರು ತಿನ್ನುತ್ತಾ ನಮ್ಮವರು, "ಒಂದು ದಿನದ ನೀರು ನಮ್ಮ ಕೆರೆಗೆ ಬಿಟ್ಟಿದ್ದರೆ" ಅಂದು ಮಾತು ಅಲ್ಲಿಗೇ ನಿಲ್ಲಿಸಿದ್ದರು.

ಗೌರಿಬಿದನೂರಿನಲ್ಲಿ ಉಳಿದದ್ದೇ ವಿದುರಾಶ್ವತ್ಥಕ್ಕಾಗಿ. ನಮ್ಮತ್ತೆ ಮದುವೆಯಾಗಿ ಎಂಟು ವರ್ಷ ಮಕ್ಕಳಿಲ್ಲದೆ, ಅಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿದ್ದರಂತೆ. ಅದಾದ ಮೇಲೆ ಹುಟ್ಟಿದವರು ನಮ್ಮವರು. "ಒಂದ್ಸಲ ಹೋಗಿ ನಿನ್ನ ಕಲ್ಲಿಗೆ ಹಾಲೆರೆದು ಬಾರೋ" ಅಂತ ಅತ್ತೆ ಕೊನೆವರೆಗೂ ಹೇಳುತ್ತಿದ್ದರು. ಕೋಲಾರದಿಂದ ಎರಡು ಮೂರು ಗಂಟೆಯ ದಾರಿ. ಅರವತ್ತೊಂದು ವರ್ಷ ಹೋಗಿರಲಿಲ್ಲ.

ಅಲ್ಲಿ ಒಂದೆರಡಲ್ಲ, ಸಾವಿರಾರು ನಾಗರಕಲ್ಲು. ಒಂದು ಹೆಡೆಯವು, ಏಳು ಹೆಡೆಯವು, ಹೆಣೆದುಕೊಂಡ ಜೋಡಿ ನಾಗಗಳು, ಅರಿಶಿನ ಕುಂಕುಮ ಮೆತ್ತಿ ಮೆತ್ತಿ ಕೆತ್ತನೆಯೇ ಮುಚ್ಚಿಹೋದವು. ವಿದುರ ನೆಟ್ಟನೆಂದು ಜನ ನಂಬುವ ಅಶ್ವತ್ಥ ಮರ 2001ರಲ್ಲಿ ಉರುಳಿತು. ಅತ್ತೆ ಹೇಳಿದ ಗುರುತು ಎರಡೇ, "ಮರದ ಬೇರಿನ ಪಕ್ಕ, ಜೋಡಿ ಹೆಡೆ". ಮರವೇ ಇಲ್ಲ. ಜೋಡಿ ಹೆಡೆ ಎಲ್ಲ ಕಡೆ. ನಮ್ಮವರು ಸಾಲು ಸಾಲಾಗಿ ಬಗ್ಗಿ ನೋಡುತ್ತಾ ಹೋದರು. ಒಂದು ಗಂಟೆಯಾಯಿತು, ಎರಡಾಯಿತು. ಬಿಸಿಲು ಏರಿತು. ಸಾಕು ಅನ್ನಲು ನನಗೆ ಬಾಯಿ ಬರಲಿಲ್ಲ. ಕೊನೆಗೆ ಒಂದು ಸವೆದ ಕಲ್ಲಿನ ಮುಂದೆ ಕೂತು, "ಇದೇ ಇರಬಹುದು. ಅಲ್ಲದಿದ್ದರೂ ಯಾರೋ ಒಬ್ಬ ತಾಯಿ ಇಟ್ಟದ್ದೇ ತಾನೆ" ಅಂದು ಹಾಲೆರೆದರು. ಸ್ವಲ್ಪ ಉಳಿಸಿ ಪಕ್ಕದ ಕಲ್ಲಿಗೂ ಎರೆದರು.

ದೇವಸ್ಥಾನದ ಹತ್ತಿರವೇ ಹುತಾತ್ಮರ ಸ್ಮಾರಕ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಇಲ್ಲಿ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕೂ ಹೆಚ್ಚು ಅನ್ನುತ್ತಾರೆ ಜನ, ಅಂದಿನ ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಆಮೇಲೆ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ ಬಾವುಟ ಹಾರಿಸಲು ಅವಕಾಶ ಸಿಕ್ಕಿತು. ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಈ ಪಾಠ ಮಾಡಿದವಳು ನಾನು. ಕರ್ನಾಟಕದ ಜಲಿಯನ್‌ವಾಲಾಬಾಗ್ ಅಂತ ಕಪ್ಪು ಹಲಗೆ ಮೇಲೆ ಬರೆಸಿದ್ದೆ. ಮಕ್ಕಳನ್ನು ಒಮ್ಮೆಯೂ ಇಲ್ಲಿಗೆ ಕರೆತರಲಿಲ್ಲ. ಆ ಕೊರಗು ಈಗಲೂ ಇದೆ.

ಪಕ್ಕದಲ್ಲಿ ಹರಿಯಬೇಕಾದ ಉತ್ತರ ಪಿನಾಕಿನಿಯಲ್ಲಿ ಮರಳು, ಜಾಲಿ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಮೂರೂ ನಂದಿಬೆಟ್ಟದ ಸಾಲಿನಲ್ಲೇ ಹುಟ್ಟುತ್ತವೆ. ಹೆಣ್ಣುಮಕ್ಕಳ ಹಾಗೆ, ತವರಲ್ಲಿ ಹುಟ್ಟಿ ಬೇರೆ ಸೀಮೆಯಲ್ಲಿ ತುಂಬಿಕೊಳ್ಳುತ್ತವೆ.

ಸಂಜೆ ನಂದಿ ಗ್ರಾಮದ ಭೋಗನಂದೀಶ್ವರನ ಗುಡಿ. ಮದುವೆಯಾದ ವಾರಕ್ಕೆ ಬಸ್ಸಿನಲ್ಲಿ ಇಲ್ಲಿಗೆ ಬಂದಿದ್ದೆವು. ಆಗ ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳನ್ನು ನೋಡಿದ ನೆನಪೇ ನನಗಿಲ್ಲ, ತಲೆ ಎತ್ತಲೂ ನಾಚಿಕೆ. ಈ ಸಲ ಕಂಬದ ಮೇಲಿನ ಗಿಳಿಗಳನ್ನು ಒಂದೊಂದಾಗಿ ನೋಡಿದೆ. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರರ ನಡುವೆ ಉಮಾಮಹೇಶ್ವರರಿಗೆ ಪುಟ್ಟ ಗುಡಿ ಇದೆ. ಎಷ್ಟು ಅಚ್ಚುಕಟ್ಟು ಆ ಜಾಗ! ಆಮೇಲೆ ಶೃಂಗಿತೀರ್ಥದ ಮೆಟ್ಟಿಲ ಮೇಲೆ ಕತ್ತಲಾಗುವ ತನಕ ಕೂತೆವು. ನಮ್ಮವರು ಜೇಬಿನ ಪುಸ್ತಕದಲ್ಲಿ ಪೆಟ್ರೋಲು, ಕಿಲೋಮೀಟರು ಬರೆದುಕೊಂಡರು. ದಿನಕ್ಕೊಂದು ಹಾಳೆಯಂತೆ ಬರೆದದ್ದು, ಇನ್ನು ಒಂದೇ ಹಾಳೆ ಉಳಿದಿತ್ತು.

ಕೊನೆಯ ದಿನ ಮುದ್ದೇನಹಳ್ಳಿಗೆ ಹೋಗಿ ವಿಶ್ವೇಶ್ವರಯ್ಯನವರ ಸಮಾಧಿಗೆ ಕೈ ಮುಗಿದು ಹೊರಟೆವು. ಊರೂರಿಗೆ ನೀರು ಕೊಟ್ಟವರು ಹುಟ್ಟಿದ್ದು ನದಿ ಹರಿಯದ ಈ ನೆಲದಲ್ಲಿ. ಶಿಡ್ಲಘಟ್ಟದ ಹತ್ತಿರ ಹಳೇ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಊಟ. ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆ ಅನ್ನೋ ತಟ್ಟೆಗೆ ಬಿಡುವ ದಿನ ಅದು. ಮನೆಮಂದಿಯೆಲ್ಲ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನಾನೂ ಸೆರಗು ಸಿಕ್ಕಿಸಿ ಹುಳು ಆರಿಸಲು ಕೂತೆ. ಹಿಪ್ಪುನೇರಳೆಗೆ ನೀರು ಎಲ್ಲಿಂದ ಅಂದರೆ, "ಮೂರನೇ ಬೋರು ಮೇಷ್ಟ್ರೇ, ಸಾವಿರದ ಇನ್ನೂರು ಅಡಿ. ಮೊದಲಿನವೆರಡೂ ಧೂಳು" ಅಂದರು ಅವರು. ದ್ರಾಕ್ಷಿ ಬುಟ್ಟಿ ಒಂದನ್ನು ಬೇಡವೆಂದರೂ ಕಾರಿಗಿಟ್ಟರು.

ಚಿಂತಾಮಣಿ ದಾಟಿದ ಮೇಲೆ ಟೀ ಅಂಗಡಿಯ ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಹೊಂಗೆ ಹೂ ರಸ್ತೆಗೆ ಉದುರಿತ್ತು, ಯುಗಾದಿ ಹತ್ತಿರ ಬಂದಿತ್ತು. ನಮ್ಮ ಜಿಲ್ಲೆಯ ಒಂದು ಕೆರೆಯಲ್ಲಿ ನೀರಿತ್ತು, ಕೆ.ಸಿ. ವ್ಯಾಲಿಯದು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ 2018ರಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಇನ್ನೂ ಒಂದು ಹಂತ ಶುದ್ಧವಾಗಲಿ ಅಂತ ಜನ ಕೇಳುತ್ತಲೇ ಇದ್ದಾರೆ, ನನ್ನ ಮಾತೂ ಅದೇ. ಆದರೂ ಆ ನೀರಿನ ಮೇಲೆ ಸಂಜೆಯ ಬೆಳಕು ಬಿದ್ದಾಗ ನಮ್ಮವರು ಕಾರು ನಿಧಾನ ಮಾಡಿದರು.

ಕೋಲಾರ ಬಂತು. ನಮ್ಮ ಬೀದಿ, ನಮ್ಮ ಗೇಟು. ಅವರು ಇಂಜಿನ್ ಆರಿಸಲಿಲ್ಲ. ನಾನೂ ಬಾಗಿಲು ತೆಗೆಯಲಿಲ್ಲ.

"ಅಂತರಗಂಗೆಗೆ ಹೋಗಿ ಬರೋಣವೇನೇ?"

"ಬನ್ನಿ, ಹೋಗೋಣ."

ಅಂತರಗಂಗೆ ಇರುವ ಶತಶೃಂಗ ಬೆಟ್ಟದ ಮೆಟ್ಟಿಲುಗಳನ್ನು ಅವರ ಮೊಣಕಾಲಿಗೆ ತಕ್ಕ ಹಾಗೆ, ನಿಂತು ನಿಂತು ಹತ್ತಿದೆವು. ಕೋತಿಗಳು ಮಲಗುವ ಹೊತ್ತು. ಕಲ್ಲು ಬಸವನ ಬಾಯಿಂದ ನೀರು ಬರುತ್ತಲೇ ಇತ್ತು, ಬೆರಳಿನಷ್ಟು ದಪ್ಪ. ನಮ್ಮವರು ಬೊಗಸೆಯೊಡ್ಡಿ ಕುಡಿದರು. ಬಾಟಲಿಯ ತಳದಲ್ಲಿ ಹೊಸಪೇಟೆಯಲ್ಲಿ ತುಂಬಿಸಿದ್ದ ನೀರು ಎರಡು ಗುಟುಕು ಉಳಿದಿತ್ತು. ಚೆಲ್ಲಲಿಲ್ಲ. ಅದರ ಮೇಲೇ ತುಂಬಿಸಿಕೊಂಡು ಕೆಳಗಿಳಿದೆವು.