ಎಸ್‌ಎನ್‌ಸಿಯುನಲ್ಲಿ ಡ್ಯೂಟಿ ವಹಿಸಿಕೊಳ್ಳುವಾಗ ಕೈ ಮುಟ್ಟಿ ನೋಡಬೇಕಾದ್ದು

ವಿಜಯಪುರ, ಬಾಗಲಕೋಟೆ ಕಡೆಯ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳಿಗೆ (ಎಸ್‌ಎನ್‌ಸಿಯು) ಹೊಸದಾಗಿ ಬರುವ ಸ್ಟಾಫ್ ನರ್ಸ್‌ಗಳಿಗೆ ಮೊದಲ ವಾರದಲ್ಲೇ ಹೇಳಬೇಕಾದ ಮಾತು ಒಂದಿದೆ: ಹ್ಯಾಂಡೋವರ್ ತಗೊಳ್ಳುವುದು ಕೂಸಿನ ಪಕ್ಕ ನಿಂತು. ಟೇಬಲ್ ಮುಂದೆ ಕುಳಿತು ಕೇಸ್ ಶೀಟ್ ಓದಿಸಿಕೊಂಡು ಡ್ಯೂಟಿ ವಹಿಸಿಕೊಂಡರೆ ಹಿಂದಿನ ಪಾಳಿಯಲ್ಲಿ ಆದ ತಪ್ಪೂ ಗೊತ್ತಿಲ್ಲದೆ ನಿಮ್ಮ ಹೆಗಲೇರುತ್ತದೆ. ನಮ್ಮ ಘಟಕಗಳಲ್ಲಿ ಆಗುವ ಅನಾಹುತದ ಬೇರು ಹುಡುಕಿದರೆ ಬಹುತೇಕ ಸಿಗುವುದು ಸಣ್ಣ ಸಂಗತಿಯೇ. ಮೈಯಿಂದ ಕಿತ್ತು ಬಂದ ಪ್ರೋಬ್ (ಮೈ ಬಿಸಿ ಅಳೆಯುವ ತಂತಿ), ಜಾಗ ತಪ್ಪಿದ ದಶಮಾಂಶ ಚುಕ್ಕೆ, ಎರಡು ಸೆಂಟಿಮೀಟರ್ ಹೊರಗೆ ಸರಿದ ಹಾಲಿನ ನಳಿಕೆ. ಇವು ಯಾವ ಶೀಟಿನಲ್ಲೂ ಬರೆದಿರುವುದಿಲ್ಲ. ಸೀನಿಯರ್ ಆದವಳ ಮುಖ್ಯ ಕೆಲಸ ಇವನ್ನು ಪಾಳಿಯ ಮೊದಲ ಅರ್ಧ ತಾಸಿನಲ್ಲಿ ಹುಡುಕಿ ತೆಗೆಯುವುದು ಎಂದೇ ನಾನು ತಿಳಿದಿದ್ದೇನೆ.

ಶುರು ಮಾಡುವುದು ಯಂತ್ರದಿಂದಲ್ಲ, ಅಂಗಾಲಿನಿಂದ. ಕೈ ತೊಳೆದು ಒರೆಸಿಕೊಂಡು ಕೈಯ ಹಿಂಬದಿಯನ್ನು ಕೂಸಿನ ಹೊಟ್ಟೆಗೂ ಅಂಗಾಲಿಗೂ ತಾಗಿಸಿ. ಎರಡೂ ಬೆಚ್ಚಗಿದ್ದು ಅಂಗಾಲು ಗುಲಾಬಿ ಬಣ್ಣದಲ್ಲಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಕೂಸು ಚಳಿಗೆ ಸಿಕ್ಕಿದೆ, ಕಂಕುಳಲ್ಲಿ ನೋಡಿದರೆ ಹೆಚ್ಚಾಗಿ 36 ರಿಂದ 36.4 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ. ಎರಡೂ ತಣ್ಣಗಿದ್ದರೆ 36ಕ್ಕಿಂತ ಕೆಳಗೆ ಇಳಿದಿದೆ ಎಂದೇ ತಿಳಿದು ತಕ್ಷಣ ಬಿಸಿ ಮಾಡುವ ಕೆಲಸ ಶುರುವಾಗಬೇಕು. ಇರಬೇಕಾದ್ದು 36.5 ರಿಂದ 37.5. ತಣ್ಣಗಾದ ಕೂಸು ಮೈ ಬಿಸಿ ಉಳಿಸಿಕೊಳ್ಳಲು ಸಕ್ಕರೆಯನ್ನೂ ಆಮ್ಲಜನಕವನ್ನೂ ಸುಡುತ್ತದೆ. ಆದ್ದರಿಂದ ತಣ್ಣಗಿನ ಕೂಸಿಗೆ ಸಕ್ಕರೆ ಪರೀಕ್ಷೆ ಮಾಡದೆ ಮುಂದಿನ ಕೂಸಿಗೆ ಹೋಗಬೇಡಿ. ಹಿಮ್ಮಡಿಯ ಬದಿಯಲ್ಲಿ ಚುಚ್ಚಿ, ನಡುವಿನಲ್ಲಲ್ಲ. ಸ್ಪಿರಿಟ್ ಪೂರ್ತಿ ಒಣಗಲಿ, ಹಸಿ ಸ್ಪಿರಿಟ್ ರಕ್ತದಲ್ಲಿ ಬೆರೆತರೆ ಸ್ಟ್ರಿಪ್ ತಪ್ಪು ಅಂಕಿ ಕೊಡುತ್ತದೆ. 45 ಮಿ.ಗ್ರಾಂಗಿಂತ ಕಡಿಮೆ ಬಂದರೆ ಡಾಕ್ಟರಿಗೆ ಆಗಲೇ ತಿಳಿಸಿ.

ಬೇಸಿಗೆಯ ಕಥೆ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವ ನಮ್ಮೂರುಗಳಲ್ಲಿ ಮೈ ಬಿಸಿಯಾದ ಕೂಸೆಲ್ಲ ಜ್ವರದ ಕೂಸಲ್ಲ. ಹೊಟ್ಟೆ, ಅಂಗಾಲು ಎರಡೂ ಸುಡುತ್ತಿದ್ದು ಮೈ ಕೆಂಪಾಗಿದ್ದರೆ ಸುತ್ತಲಿನ ಬಿಸಿ ಹೆಚ್ಚಾಗಿರುವ ಸಂಭವವೇ ಹೆಚ್ಚು. ಒಂದು ಪದರ ಬಟ್ಟೆ ತೆಗೆದು, ವಾರ್ಮರ್ (ಕೂಸನ್ನು ಬೆಚ್ಚಗಿಡುವ ಹೀಟರ್ ಮಂಚ) ನೋಡಿ, ಅರ್ಧ ತಾಸಿನಲ್ಲಿ ಮತ್ತೆ ಅಳೆಯಿರಿ. ಹೊಟ್ಟೆ ಸುಡುತ್ತಿದ್ದು ಅಂಗಾಲು ತಣ್ಣಗೆ, ಬಿಳಿಚಿಕೊಂಡಿದ್ದರೆ ಸೋಂಕಿನ ಶಂಕೆ ಮೊದಲು ಬರಬೇಕು.

ಆಮೇಲೆ ವಾರ್ಮರ್. ಸ್ಕಿನ್ ಮೋಡ್‌ನಲ್ಲಿ ಹೀಟರ್ ಓಡುವುದು ಪ್ರೋಬ್ ಹೇಳಿದಂತೆ. ಪ್ರೋಬ್ ಮೈ ಬಿಟ್ಟು ಹಾಸಿಗೆ ಮೇಲೆ ಬಿದ್ದಿದ್ದರೆ ಅದು ಅಳೆಯುವುದು ಗಾಳಿಯ ಬಿಸಿ. ಗಾಳಿ ಮೈಗಿಂತ ತಣ್ಣಗಿರುವುದರಿಂದ ವಾರ್ಮರ್ ಕೂಸು ತಣ್ಣಗಾಗಿದೆ ಎಂದು ಲೆಕ್ಕ ಹಾಕಿ ಹೀಟರ್ ಏರಿಸುತ್ತಲೇ ಹೋಗುತ್ತದೆ, ಕೂಸಿನ ಮೈ ಸುಡುತ್ತದೆ. ಇದರ ಉಲ್ಟಾ ಕೂಡ ಆಗುತ್ತದೆ. ಕೂಸು ಪ್ರೋಬ್ ಮೇಲೆಯೇ ಮಲಗಿದರೆ ಅಥವಾ ಪ್ರೋಬ್ ಮೇಲೆ ದಪ್ಪ ಬಟ್ಟೆ ಬಿದ್ದರೆ ಅದು ಇರುವುದಕ್ಕಿಂತ ಹೆಚ್ಚು ತೋರಿಸಿ ಹೀಟರ್ ತಗ್ಗುತ್ತದೆ, ಕೂಸು ತಣ್ಣಗಾಗುತ್ತದೆ. ಡಿಸ್‌ಪ್ಲೇ ಮೇಲೆ ಮಾತ್ರ ಎಲ್ಲ ಸರಿಯಾಗಿರುತ್ತದೆ! ಅಂಗಾತ ಮಲಗಿದ ಕೂಸಿಗೆ ಪ್ರೋಬ್ ಅಂಟಿಸುವುದು ಹೊಟ್ಟೆಯ ಬಲ ಮೇಲ್ಭಾಗದಲ್ಲಿ, ಪಕ್ಕೆಲುಬಿನ ಮೇಲಲ್ಲ. ಮಗ್ಗುಲು ಬದಲಿಸಿದಾಗಲೆಲ್ಲ ಪ್ರೋಬಿನ ಜಾಗವೂ ಬದಲಾಗಬೇಕು. ಕರೆಂಟ್ ಹೋಗಿ ಜನರೇಟರ್ ಶುರುವಾದ ಮೇಲೆ ಎಲ್ಲ ವಾರ್ಮರ್, ಎಲ್ಲ ಪಂಪ್ ಒಂದು ಸುತ್ತು ನೋಡಿಕೊಂಡು ಬನ್ನಿ, ಮೋಡ್ ಬದಲಾಗಿರಬಹುದು. ಎಸಿ ಗಾಳಿ ನೇರ ಬೀಳುವ ಜಾಗದಲ್ಲಿ ವಾರ್ಮರ್ ಇಡಬೇಡಿ.

ಡ್ರಿಪ್‌ನಲ್ಲಿ ಮೂರು ಕಡೆ ಕಣ್ಣು ಹಾಯಬೇಕು: ಡಾಕ್ಟರ ಆರ್ಡರ್, ದ್ರಾವಣ ತಳ್ಳುವ ಸಿರಿಂಜ್ ಪಂಪ್, ರಕ್ತನಾಳಕ್ಕೆ ಚುಚ್ಚಿದ ಕ್ಯಾನುಲಾ. ಒಂದು ಲೆಕ್ಕ ನೋಡಿ. 1.5 ಕೆ.ಜಿ. ಕೂಸಿಗೆ ದಿನಕ್ಕೆ ಕೆ.ಜಿ.ಗೆ 80 ಮಿ.ಲೀ. ಎಂದರೆ 120 ಮಿ.ಲೀ., ತಾಸಿಗೆ 5 ಮಿ.ಲೀ. ಪಂಪ್‌ನಲ್ಲಿ 5.0 ಇರಬೇಕಾದ ಕಡೆ 50 ಬಿದ್ದರೆ ಇಡೀ ದಿನದ ನೀರು ಎರಡೂವರೆ ತಾಸಿನೊಳಗೆ ಒಳಗೆ ಹೋಗುತ್ತದೆ. ಈ ಲೆಕ್ಕವನ್ನು ಹಿಂದಿನ ಪಾಳಿಯವರು ಹೇಳಿದ್ದನ್ನು ನಂಬದೆ ನೀವೇ ಮಾಡಿ, ಇವತ್ತಿನ ತೂಕ ಹಿಡಿದು ಮಾಡಿ. ಪಂಪ್ ಸಿರಿಂಜಿನ ಪ್ಲಂಜರ್ (ಒತ್ತುವ ಕಡ್ಡಿ) ಎಷ್ಟು ಮುಂದೆ ಸರಿಯಿತು ಎಂಬುದರಿಂದ ಮಿ.ಲೀ. ಲೆಕ್ಕ ಹಾಕುತ್ತದೆ. ಒಂದೊಂದು ಕಂಪನಿಯ 50 ಮಿ.ಲೀ. ಸಿರಿಂಜಿನ ಒಳಸುತ್ತು ಒಂದೊಂದು ಥರ. ಸ್ಟೋರಿನಿಂದ ಬೇರೆ ಕಂಪನಿಯ ಸಿರಿಂಜ್ ಬಂದ ದಿನ ಪಂಪ್‌ನಲ್ಲಿ ಹೆಸರು ಬದಲಿಸದಿದ್ದರೆ ಬರೆದ ದರ ಒಂದು, ಹೋಗುವ ದರ ಇನ್ನೊಂದು. ಪಂಪ್ ಇಲ್ಲದಾಗ ಮೈಕ್ರೊಡ್ರಿಪ್ ಸೆಟ್ ಹಾಕಿದರೆ ಲೆಕ್ಕ ಸುಲಭ: ಅದರಲ್ಲಿ 60 ಹನಿಗೆ 1 ಮಿ.ಲೀ., ಹಾಗಾಗಿ ತಾಸಿಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ.

10% ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಬಾಟಲಿ ಮುಗಿದಿದ್ದರೆ 5% ದ್ರಾವಣ 75 ಮಿ.ಲೀ.ಗೆ 25% ದ್ರಾವಣ 25 ಮಿ.ಲೀ. ಸೇರಿಸಿದರೆ 100 ಮಿ.ಲೀ. 10% ಸಿಗುತ್ತದೆ. ಬೆರೆಸಿದ ಮೇಲೆ ಚೆನ್ನಾಗಿ ಅಲುಗಾಡಿಸಿ, ಸಮಯ ಬರೆದು ಲೇಬಲ್ ಅಂಟಿಸಿ. 25% ಅನ್ನು ಅವಸರದಲ್ಲಿ ಹಾಗೇ ಕೊಟ್ಟರೆ ರಕ್ತನಾಳ ಸುಡುತ್ತದೆ. ಕ್ಯಾನುಲಾ ಜಾಗ ತಾಸಿಗೊಮ್ಮೆ ನೋಡುವಂತಿರಬೇಕು, ಅದರ ಮೇಲೆ ಬಿಳಿ ಪ್ಲಾಸ್ಟರ್ ಸುತ್ತಿ ಮುಚ್ಚಿಬಿಟ್ಟರೆ ಊತ ಕಾಣುವುದಿಲ್ಲ. ಕ್ಯಾಲ್ಸಿಯಂ ಹೋಗುತ್ತಿರುವ ಕೈಯನ್ನಂತೂ ಬಿಟ್ಟು ಕದಲಬಾರದು. ಅದು ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ ಸತ್ತು ಕಪ್ಪಾಗುತ್ತದೆ.

ಔಷಧದಲ್ಲಿ ಹೆಚ್ಚು ಹೆದರಬೇಕಾದ್ದು ಸೋಂಕಿಗೆ ಕೊಡುವ ಜೆಂಟಾಮೈಸಿನ್‌ಗೆ. ದೊಡ್ಡವರ ವಯಲ್‌ನಲ್ಲಿ (ಔಷಧದ ಸೀಸೆ) ಮಿ.ಲೀ.ಗೆ 40 ಮಿ.ಗ್ರಾಂ. ಇರುತ್ತದೆ, ಮಕ್ಕಳ ವಯಲ್‌ನಲ್ಲಿ ಮಿ.ಲೀ.ಗೆ 10. ನೋಡಲು ಎರಡೂ ಅಣ್ಣತಮ್ಮಂದಿರಂತೆ ಇರುತ್ತವೆ. 1.8 ಕೆ.ಜಿ. ಕೂಸಿಗೆ 9 ಮಿ.ಗ್ರಾಂ. ಬರೆದಿದ್ದಾರೆ ಎಂದುಕೊಳ್ಳಿ. ಮಕ್ಕಳ ವಯಲ್‌ನಿಂದ ಅದು 0.9 ಮಿ.ಲೀ. ಅದೇ 0.9 ಮಿ.ಲೀ. ದೊಡ್ಡವರ ವಯಲ್‌ನಿಂದ ಎಳೆದರೆ 36 ಮಿ.ಗ್ರಾಂ., ನಾಲ್ಕು ಪಟ್ಟು. ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು ಕೊಡುವ ಔಷಧ ಇದು. ಕೂಸು ಆ ಪಾಳಿಯಲ್ಲಿ ಏನೂ ತೋರಿಸಿಕೊಳ್ಳುವುದಿಲ್ಲ, ಆದ್ದರಿಂದ ತಪ್ಪು ಗೊತ್ತಾಗುವುದೂ ಇಲ್ಲ. ಘಟಕದಲ್ಲಿ ಒಂದೇ ಬಗೆಯ ವಯಲ್ ಇಡಲು ಫಾರ್ಮಸಿಯವರಿಗೆ ಬರೆದು ಕೊಡಿ. ದೊಡ್ಡದೇ ಬಂದರೆ 1 ಮಿ.ಲೀ.ಗೆ 3 ಮಿ.ಲೀ. ನಾರ್ಮಲ್ ಸಲೈನ್ ಬೆರೆಸಿ ಮಿ.ಲೀ.ಗೆ 10 ಮಿ.ಗ್ರಾಂ. ಮಾಡಿಕೊಂಡೇ ಎಳೆಯಿರಿ. ಎಳೆಯುವವರು ಒಬ್ಬರು, ಲೆಕ್ಕ ನೋಡುವವರು ಇನ್ನೊಬ್ಬರು. ಎರಡನೆಯವರು ಮೊದಲಿನವರ ಉತ್ತರ ಕೇಳದೆ ತಾವೇ ಲೆಕ್ಕ ಹಾಕಬೇಕು. “ಸಿಸ್ಟರ್, 0.9 ಅಲ್ವಾ?” ಎಂದು ಕೇಳಿದರೆ “ಹೌದು” ಎಂಬ ಉತ್ತರ ತಾನಾಗಿಯೇ ಬಂದುಬಿಡುತ್ತದೆ, ಅದು ಪರಿಶೀಲನೆ ಆಗುವುದಿಲ್ಲ.

ಹಾಲಿನ ನಳಿಕೆಯ ಉದ್ದ ಅಳೆಯುವುದು ಮೂಗಿನ ತುದಿಯಿಂದ ಕಿವಿಗೆ, ಅಲ್ಲಿಂದ ಎದೆಮೂಳೆಯ ತುದಿ ಮತ್ತು ಹೊಕ್ಕುಳ ನಡುವಿನ ಮಧ್ಯಕ್ಕೆ. ಎಷ್ಟು ಸೆಂಟಿಮೀಟರಿಗೆ ಫಿಕ್ಸ್ ಮಾಡಿದ್ದೀರಿ ಎಂಬುದನ್ನು ಶೀಟಿನಲ್ಲಿ ಬರೆದು, ಪ್ರತಿ ಸಲ ಹಾಲು ಹಾಕುವ ಮೊದಲು ಆ ಗುರುತು ಅಲ್ಲೇ ಇದೆಯೇ ನೋಡಬೇಕು. ಗಾಳಿ ಹಾಕಿ ಸ್ಟೆತಸ್ಕೋಪಿನಿಂದ ಕೇಳುವುದೊಂದನ್ನೇ ನಂಬಬೇಡಿ, ನಳಿಕೆ ಅನ್ನನಾಳದಲ್ಲೇ ನಿಂತಿದ್ದರೂ ಸಪ್ಪಳ ಹೊಟ್ಟೆವರೆಗೆ ಕೇಳಿಸುತ್ತದೆ. ಹಾಲು ಹೋಗಬೇಕಾದ್ದು ಪ್ಲಂಜರ್ ತೆಗೆದ ಸಿರಿಂಜಿನಿಂದ, ತನ್ನ ಭಾರಕ್ಕೆ ತಾನೇ ಇಳಿದು. ಅವಸರಕ್ಕೆ ಪ್ಲಂಜರ್ ಒತ್ತಿದರೆ ಹೊಟ್ಟೆ ಒಮ್ಮೆಲೇ ಉಬ್ಬಿ ಉಸಿರಾಟಕ್ಕೆ ಅಡ್ಡಿಯಾಗುತ್ತದೆ, ಹಾಲು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗಬಹುದು. ರಾತ್ರಿ ಪಾಳಿಯಲ್ಲಿ, ನಾಲ್ಕು ಕೂಸಿಗೆ ಒಂದೇ ಹೊತ್ತಿಗೆ ಹಾಲು ಬಿದ್ದಾಗ, ಈ ಅವಸರ ಹೆಚ್ಚು. ಅದಕ್ಕೆ ಮದ್ದು ಹಾಲಿನ ಸಮಯಗಳನ್ನು 15 ನಿಮಿಷ ಹಿಂದೆ ಮುಂದೆ ಹಂಚಿಕೊಳ್ಳುವುದು.

ಹೊಟ್ಟೆಯ ಸುತ್ತಳತೆಯನ್ನು ಮೂವರು ಮೂರು ಕಡೆ ಅಳೆದರೆ ಮೂರು ಅಂಕಿ. ಟೇಪ್ ಇಡುವ ಗೆರೆಗೆ ಪೆನ್ನಿನಿಂದ ಗುರುತು ಹಾಕಿ. 2 ಸೆಂ.ಮೀ. ಏರಿದರೆ, ಅಥವಾ ಹಸಿರು ಇಲ್ಲವೇ ರಕ್ತ ಬೆರೆತದ್ದು ಹೊರಬಂದರೆ ಹಾಲು ನಿಲ್ಲಿಸಿ ಡಾಕ್ಟರಿಗೆ ಹೇಳಿ. ಒಂದಿಷ್ಟು ಒಡೆದ ಹಾಲು ಬಂತೆಂದು ಮಾತ್ರ ಹಾಲು ನಿಲ್ಲಿಸುವುದು ಬೇಡ, ಅದರಿಂದ ಕೂಸಿನ ತೂಕ ಏರುವುದು ಸುಮ್ಮನೆ ತಡವಾಗುತ್ತದೆ.

ಆಮ್ಲಜನಕದ ವಿಷಯದಲ್ಲಿ ನಮ್ಮವರಿಗೆ ಕಡಿಮೆಯ ಭಯ ಇದೆ, ಹೆಚ್ಚಿನ ಭಯ ಇಲ್ಲ. ರಕ್ತದ ಆಮ್ಲಜನಕ ತೋರಿಸುವ ಮಾನಿಟರ್ ಮೇಲೆ 99% ಕಂಡರೆ ಸಮಾಧಾನ! ಅವಧಿಗೆ ಮುಂಚೆ ಹುಟ್ಟಿ ಆಮ್ಲಜನಕದ ಮೇಲಿರುವ ಕೂಸಿಗೆ ಅದು ಸಮಾಧಾನದ ಅಂಕಿಯಲ್ಲ. ಅಂಥ ಕೂಸನ್ನು 91 ರಿಂದ 95ರೊಳಗೆ ಇಡಬೇಕು, ಮೇಲಿನ ಅಲಾರಾಂ 95ಕ್ಕೆ ಕೂಗಬೇಕು. ಹೆಚ್ಚಾದ ಆಮ್ಲಜನಕ ಬೆಳೆಯುತ್ತಿರುವ ರೆಟಿನಾದ ರಕ್ತನಾಳಗಳನ್ನು ಕೆಡಿಸುತ್ತದೆ, ಅದರಿಂದ ಬರುವ ಆರ್‌ಒಪಿ ಎಂಬ ಕಣ್ಣಿನ ಕಾಯಿಲೆ ದೃಷ್ಟಿಯನ್ನೇ ಕಳೆಯಬಹುದು. ಅದೇ ಕೂಸು ಆಮ್ಲಜನಕವಿಲ್ಲದೆ ಹೊರಗಾಳಿಯಲ್ಲೇ 99 ತೋರಿಸಿದರೆ ಚಿಂತೆಯಿಲ್ಲ. ಅಂಕಿ ದಿಢೀರ್ ಇಳಿದಾಗ ಮೊದಲು ಕೂಸನ್ನು ನೋಡಿ: ಎದೆ ಏಳುತ್ತಿದೆಯೇ, ತುಟಿ ಬಣ್ಣ ಹೇಗಿದೆ. ಆಮೇಲೆ ಮಾನಿಟರಿನ ನಾಡಿಯೂ ನೀವು ಕೇಳಿದ ಎದೆಬಡಿತವೂ ಹೊಂದುತ್ತವೆಯೇ ನೋಡಿ. ಹೊಂದದಿದ್ದರೆ ಆ ಅಂಕಿಗೆ ಬೆಲೆಯಿಲ್ಲ, ಆಮ್ಲಜನಕ ಅಳೆಯುವ ಪ್ರೋಬ್ ಸಡಿಲಾಗಿರಬಹುದು, ಕಾಲು ತಣ್ಣಗಿರಬಹುದು, ಕಾಮಾಲೆಗೆ ಕೊಡುವ ಫೋಟೊಥೆರಪಿ ಬೆಳಕು ಬೀಳುತ್ತಿರಬಹುದು. ಸಿಪ್ಯಾಪ್‌ನಲ್ಲಿರುವ (ಮೂಗಿನಿಂದ ಒತ್ತಡದ ಗಾಳಿ ಕೊಡುವ ಯಂತ್ರ) ಕೂಸಿಗೆ ಮೂಗಿನ ನಡುಗೋಡೆಗೂ ಮೂಗಿಗೆ ಹಾಕಿದ ಪ್ರಾಂಗ್ಸ್‌ಗೂ ನಡುವೆ ಸಣ್ಣ ಸಂದು ಇರಲೇಬೇಕು, ಒತ್ತಿಕೊಂಡರೆ ಬೇಗನೆ ಹುಣ್ಣಾಗುತ್ತದೆ. ಅದರ ನೀರಿನ ಬಾಟಲಿಯಲ್ಲಿ ಗುಳ್ಳೆ ನಿಂತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಬಹಳ ಸಲ ತೆರೆದ ಬಾಯಿಯಿಂದಲೇ.

ಈ ಎಲ್ಲ ಅಂಕಿಗಿಂತ ಮುಂಚೆ ಸುದ್ದಿ ತರುವವಳು ತಾಯಿ. “ಶಾಣ್ಯಾ ಕೂಸೈತ್ರಿ, ಅಳೂದs ಇಲ್ಲ” ಎಂದು ಅಜ್ಜಿ ಹೊಗಳಿದರೆ, “ನಿನ್ನಿ ಛಲೋ ಕುಡದಿತ್ರಿ, ಇವತ್ತ ಬರೇ ಮಕ್ಕೋತೈತ್ರಿ” ಎಂದು ತಾಯಿ ಅಂದರೆ ಕೈಲಿದ್ದ ಕೆಲಸ ಬಿಟ್ಟು ಹೋಗಿ ನೋಡಿ. ನಿನ್ನೆಗಿಂತ ಸುಮ್ಮನಾದ ಕೂಸು, ಹಾಲು ಎಳೆಯದ ಕೂಸು, ಸೋಂಕು ಶುರುವಾದ ಕೂಸಿರಬಹುದು. ಉಸಿರು ಪೂರ್ತಿ ಒಂದು ನಿಮಿಷ ಎಣಿಸಿ, 60 ದಾಟಿದೆಯೇ, ಪಕ್ಕೆ ಒಳಗೆ ಹೋಗುತ್ತಿದೆಯೇ ನೋಡಿ. ಎದೆಮೂಳೆ ಮೇಲೆ ಬೆರಳೊತ್ತಿ ಬಿಟ್ಟರೆ ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಬೇಕಾಯಿತೇ ನೋಡಿ.

ತಾಯಿಯನ್ನು ಒಳಗೆ ಬಿಡುವುದರಲ್ಲೂ ತಿಳಿವಳಿಕೆ ಬೇಕು. ನಮ್ಮ ಕೈಯಲ್ಲಿ ಬಳೆ, ಉಂಗುರ, ವಾಚು ಇರಲೇಬಾರದು. ಆದರೆ ಬಾಣಂತಿಯ ಹಸಿರು ಬಳೆ ತೆಗೆಸಲೇಬೇಕು ಎಂದು ಹಟ ಹಿಡಿದರೆ ಮರುದಿನದಿಂದ ಅತ್ತೆ ಸೊಸೆಯನ್ನು ಒಳಗೆ ಕಳಿಸುವುದನ್ನೇ ನಿಲ್ಲಿಸುತ್ತಾಳೆ. ಬಳೆ ಹಿಂದೆ ಮುಂದೆ ಸರಿಸಿ ಅದರಡಿಯೂ ಮೊಣಕೈವರೆಗೂ ಸೋಪು ಹಚ್ಚಿ ತೊಳೆಯುವುದನ್ನು ಪಕ್ಕದಲ್ಲಿ ನಿಂತು ತೋರಿಸಿಕೊಡಿ. ತಾಯಿ ಒಳಗೆ ಬಂದರೇ ಕಾಂಗರೂ ಆರೈಕೆ, ಅಂದರೆ ಕೂಸನ್ನು ತಾಯಿಯ ಬರಿ ಎದೆಗೆ ಮೈ ತಾಗಿಸಿ ಇಡುವುದು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಡಬ್ಲ್ಯುಎಚ್‌ಒ ಅಧ್ಯಯನದಲ್ಲಿ, 1 ರಿಂದ 1.8 ಕೆ.ಜಿ. ಒಳಗಿನ ಕೂಸುಗಳಿಗೆ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದಾಗ, ಸುಧಾರಿಸಿದ ಮೇಲೆ ಶುರು ಮಾಡಿದ್ದಕ್ಕಿಂತ ಮೊದಲ 28 ದಿನದ ಸಾವು 25% ಕಡಿಮೆಯಾಯಿತು. ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೆ ಬಟ್ಟೆ ಬೇಡ. ಎದೆಗಳ ನಡುವೆ ನೆಟ್ಟಗೆ, ಮುಖ ಒಂದು ಮಗ್ಗುಲಿಗೆ, ಗದ್ದ ಎದೆಗೆ ಒತ್ತದ ಹಾಗೆ ಇಟ್ಟು ಹಳೆಯ ಮೆತ್ತನೆ ಸೀರೆಯಿಂದ ಸುತ್ತಿದರೆ ಸಾಕು. ಒಂದು ಸಲಕ್ಕೆ ಕನಿಷ್ಠ ಒಂದು ತಾಸು. ತಾಯಿ ಸುಸ್ತಾದರೆ ಅಜ್ಜಿಯೂ ಅಪ್ಪನೂ ಮಾಡಬಹುದು.

ಡಿಸ್ಚಾರ್ಜ್ ದಿನ ಹೇಳುವುದು ಬಹಳ, ಮನೆಗೆ ಹೋಗಿ ಉಳಿಯುವುದು ಕೊಂಚ. ಹಾಗಾಗಿ ಆಯ್ದು ಹೇಳಿ. 2 ಕೆ.ಜಿ. ಆಗುವವರೆಗೆ ಎರೆಯುವುದು ಬೇಡ, ಬಟ್ಟೆ ಒದ್ದೆ ಮಾಡಿ ಒರೆಸಿದರೆ ಸಾಕು. ಹೊಗೆ ಹಾಕಬಾರದು. ಮೈ ಹಳದಿಯಾದರೆ ಬರೆ ಹಾಕಿಸದೆ ಆಸ್ಪತ್ರೆಗೆ ತರಬೇಕು. ತಣ್ಣಗಾದರೆ, ಹಾಲು ಬಿಟ್ಟರೆ, ಉಸಿರು ಜೋರಾದರೆ 108ಕ್ಕೆ ಫೋನ್ ಮಾಡಿ ಎದೆಗೆ ಅವುಚಿಕೊಂಡೇ ಬರಬೇಕು.

ಆರ್‌ಒಪಿ ತಾರೀಕನ್ನು ಮಾತ್ರ ಬಾಯಲ್ಲಿ ಹೇಳಿ ಬಿಡಬೇಡಿ. 2 ಕೆ.ಜಿ.ಗಿಂತ ಕಡಿಮೆ ತೂಕದಲ್ಲಿ ಅಥವಾ 34 ವಾರದೊಳಗೆ ಹುಟ್ಟಿದ ಕೂಸಿನ ಕಣ್ಣು 30 ದಿನದೊಳಗೆ, 1.2 ಕೆ.ಜಿ.ಗಿಂತ ಚಿಕ್ಕದಿದ್ದರೆ ಅಥವಾ 28 ವಾರದೊಳಗೆ ಹುಟ್ಟಿದ್ದರೆ 2–3 ವಾರಕ್ಕೇ ನೋಡಿಸಬೇಕು. ನಮ್ಮ ಜಿಲ್ಲೆಗಳ ತೊಂದರೆ ಏನೆಂದರೆ ಕಬ್ಬು ಕಡಿಯುವ ಹಂಗಾಮು ಶುರುವಾದರೆ ಮನೆಮಂದಿ ಕೂಸಿನ ಸಮೇತ ಗಾಡಿ ಹತ್ತಿ ಬೇರೆ ಜಿಲ್ಲೆಗೋ ಮಹಾರಾಷ್ಟ್ರಕ್ಕೋ ಹೋಗಿಬಿಡುತ್ತಾರೆ, ತಾಯಿ ಕಾರ್ಡಿನ ಮೇಲಿನ ನಂಬರಿಗೆ ಫೋನ್ ಹತ್ತುವುದಿಲ್ಲ. “ಈ ತಿಂಗಳು ದುಡಿಯಾಕ ಎಲ್ಲಿಗೆ ಹೊಂಟೀರಿ?” ಎಂದು ಡಿಸ್ಚಾರ್ಜಿಗೆ ಮುಂಚೆ ಕೇಳಿ. ಹೊರಡುವವರಿದ್ದರೆ ಕಣ್ಣಿನ ಪರೀಕ್ಷೆ ಮುಗಿಸಿಯೇ ಕಳಿಸಲು ಡಾಕ್ಟರ ಜೊತೆ ಮಾತಾಡಿ. ಇನ್ನೂ ದಿನ ಬಾಕಿ ಇದ್ದರೆ ಊರಿನಲ್ಲೇ ಉಳಿಯುವ ಅಜ್ಜನ ನಂಬರ್, ಕರೆದೊಯ್ಯುವ ಮುಕಾದಮನ ನಂಬರ್, ಊರಿನ ಆಶಾ ನಂಬರ್, ಮೂರನ್ನೂ ರಿಜಿಸ್ಟರಿನಲ್ಲಿ ಬರೆದುಕೊಂಡು, ತಾರೀಕನ್ನು ಕಾರ್ಡಿನ ಮುಖಪುಟದ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ, ಆಶಾ ಅಕ್ಕನಿಗೆ ಅವರ ಎದುರೇ ಫೋನ್ ಮಾಡಿ ಹೇಳಿ.